‘ಕಮಿಟ್ ಆಯ್ತು’ ಅಂದರೆ ಆಗಿರಬೇಕು: ಟೂಲ್ಸ್ ವಿಭಾಗಕ್ಕೆ ಒಂದು ಬಹಿರಂಗ ಪತ್ರ

ಟೂಲ್ಸ್ ವಿಭಾಗದ ಮುಖ್ಯಸ್ಥರಿಗೆ, ಮತ್ತು ಅವರ ಬಜೆಟ್‌ಗೆ ಸಹಿ ಹಾಕುವವರಿಗೆ,

ನಮಸ್ಕಾರ.

ನಿಧಾನ ಅಂತ ದೂರಲು ಈ ಪತ್ರ ಬರೆಯುತ್ತಿಲ್ಲ. ನಮ್ಮ ವರ್ಷನ್ ಕಂಟ್ರೋಲ್, ಅಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನೂ ಇತಿಹಾಸ ಸಮೇತ ಇಟ್ಟುಕೊಳ್ಳುವ ಸಾಫ್ಟ್‌ವೇರ್, ನಿಧಾನ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೆ ಒಗ್ಗಿಕೊಂಡೂ ಆಗಿದೆ. ಬ್ರಾಂಚ್ (ಕೋಡ್‌ನ ಬೇರೆಯದೊಂದು ಕವಲು) ಮಾಡಲು ಕೊಟ್ಟು, ಒಂದು ಮೀಟಿಂಗ್ ಮುಗಿಸಿಕೊಂಡು ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತದೆ. ಇರಲಿ. ಸ್ಕ್ರೀನ್ ಓಬೀರಾಯನ ಕಾಲದ್ದು, ಬೇಕಾದ ಬಟನ್ ಬೇಕಾದ ಕಡೆ ಇಲ್ಲ. ಅದೂ ಇರಲಿ. ನನ್ನ ದೂರು ಒಂದೇ. ಈ ಸಾಫ್ಟ್‌ವೇರ್ ಸುಳ್ಳು ಹೇಳುತ್ತದೆ. ಆಗದ ಕೆಲಸವನ್ನು ಆಯ್ತು ಅನ್ನುತ್ತದೆ.

ಒಂದು ಪ್ರಸಂಗವನ್ನು ಬಿಡಿಸಿ ಹೇಳುತ್ತೇನೆ. ಒಂದು ಫಂಕ್ಷನ್‌ಗೆ ಹೊಸ ಪ್ಯಾರಾಮೀಟರ್ ಸೇರಿಸಬೇಕಿತ್ತು. ಫಂಕ್ಷನ್ ಇರುವ ಫೈಲ್, ಅದರ ಹೆಡರ್ (ಫಂಕ್ಷನ್‌ನ ರೂಪ ಹೇಳುವ ಫೈಲ್), ಅದನ್ನು ಕರೆಯುವ ಏಳೆಂಟು ಫೈಲ್‌ಗಳು, ಎಲ್ಲವನ್ನೂ ಬದಲಿಸಿ ಒಟ್ಟಿಗೆ ಕಮಿಟ್ ಕೊಟ್ಟೆ, ಅಂದರೆ ಸರ್ವರ್‌ನಲ್ಲಿ ದಾಖಲಿಸಲು ಕಳಿಸಿದೆ. ನಡುವೆ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಒಮ್ಮೆ ಕಡಿದು ಮತ್ತೆ ಬಂತು. ಕೊನೆಗೆ ಹಸಿರು ಟಿಕ್ ಬಿತ್ತು, ‘ಕಮಿಟ್ ಯಶಸ್ವಿ’ ಎಂದು ಬಂತು. ನಾನು ಮುಂದಿನ ಕೆಲಸಕ್ಕೆ ಹೋದೆ. ಸರ್ವರ್‌ನಲ್ಲಿ ಆಗಿದ್ದೇ ಬೇರೆ. ಹೆಡರ್ ಹೊಸದು, ಫಂಕ್ಷನ್ ಹೊಸದು, ಕರೆಯುವ ಫೈಲ್‌ಗಳಲ್ಲಿ ಅರ್ಧ ಹೊಸವು, ಇನ್ನರ್ಧ ಹಳೆಯವು. ಬಿಲ್ಡ್ ಒಡೆಯಿತು, ಅಂದರೆ ಕೋಡ್‌ನಿಂದ ಪ್ರೋಗ್ರಾಂ ತಯಾರಾಗಲಿಲ್ಲ. ಒಡೆದದ್ದೇ ಪುಣ್ಯ. ಆ ಫೈಲ್‌ಗಳು ಕೋಡ್ ಆಗಿರದೆ ಕಾನ್ಫಿಗರೇಶನ್ (ಸೆಟ್ಟಿಂಗ್) ಆಗಿದ್ದಿದ್ದರೆ ಬಿಲ್ಡ್ ಸುಮ್ಮನೆ ಪಾಸಾಗಿ, ಗ್ರಾಹಕರ ಕೈಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಉಳಿದ ಫೈಲ್‌ಗಳನ್ನು ಮತ್ತೆ ಕಮಿಟ್ ಮಾಡಲು ಹೋದರೆ ನನ್ನ ಮೆಷಿನ್‌ನಲ್ಲಿದ್ದ ಕ್ಲೈಂಟ್ ‘ಬದಲಾವಣೆ ಏನೂ ಇಲ್ಲ’ ಎಂದಿತು. ಅದರ ಲೆಕ್ಕದಲ್ಲಿ ಎಲ್ಲವೂ ಆಗಲೇ ಸರ್ವರ್ ಸೇರಿಯಾಗಿತ್ತು! ಕೊನೆಗೆ ಒಂದೊಂದು ಫೈಲ್ ತೆರೆದು, ಕೊನೆಯಲ್ಲಿ ಒಂದು ಖಾಲಿ ಸಾಲು ಸೇರಿಸಿ, ‘ನೋಡಪ್ಪಾ, ಬದಲಾಗಿದೆ’ ಎಂದು ಅದನ್ನು ನಂಬಿಸಿ ಕಮಿಟ್ ಮಾಡಬೇಕಾಯಿತು. ನಮ್ಮ ಟೀಮಿನಲ್ಲಿ ಈ ಖಾಲಿ ಸಾಲಿನ ವಿದ್ಯೆಯನ್ನು ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ. ಫೈಲ್‌ಗಳ ಕೊನೆಯಲ್ಲಿ ಖಾಲಿ ಸಾಲು ಯಾಕೆ ಇಷ್ಟು ಜಾಸ್ತಿ ಎಂದು ನೀವು ಒಮ್ಮೆ ಕೇಳಿದ್ದಿರಿ. ಕಾರಣ ಇದೇ.

ಇದು ಹೊಸ ಸಮಸ್ಯೆಯೇನೂ ಅಲ್ಲ. ಸಿವಿಎಸ್ ಎಂಬ ಹಳೆಯ ವರ್ಷನ್ ಕಂಟ್ರೋಲ್ ಬಳಸಿದ ಹಳಬರಿಗೆ ಚೆನ್ನಾಗಿ ಗೊತ್ತು. 1980ರ ದಶಕದಲ್ಲಿ ಡಿಕ್ ಗ್ರೂನ್ ಶೆಲ್ ಸ್ಕ್ರಿಪ್ಟ್‌ಗಳ ರೂಪದಲ್ಲಿ ಶುರು ಮಾಡಿದ್ದ ಆ ಸಾಧನದಲ್ಲಿ ಪ್ರತಿ ಫೈಲಿಗೂ ಬೇರೆ ಬೇರೆ ಇತಿಹಾಸ. ಕಮಿಟ್ ಅರ್ಧಕ್ಕೆ ನಿಂತರೆ ಅರ್ಧವೇ ಉಳಿಯುತ್ತಿತ್ತು. ಅದನ್ನು ಸರಿಪಡಿಸುವುದು ಅದರ ನಂತರ ಬಂದ ಸಬ್‌ವರ್ಷನ್ ಎಂಬ ಸಾಧನದ ಮುಖ್ಯ ಗುರಿಗಳಲ್ಲಿ ಒಂದಾಗಿತ್ತು. 2004ರಲ್ಲಿ ಅದರ 1.0 ಬಂದಾಗ ಕಮಿಟ್ ಅಂದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎನ್ನುವುದು ಗಟ್ಟಿಯಾಯಿತು. ಇದನ್ನೇ ಅಟಾಮಿಕ್ ಕಮಿಟ್ ಅನ್ನುವುದು. ಡೇಟಾಬೇಸ್ ಕಲಿತವರಿಗೆ ಇದು ಅಆಇಈ. 2004ರಲ್ಲೇ ಉಚಿತವಾಗಿ ಸಿಗುತ್ತಿದ್ದ ಗುಣ, ನಾವು ಲೈಸೆನ್ಸ್‌ಗೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್‌ನಲ್ಲಿ ಯಾಕಿಲ್ಲ? ಈ ಪ್ರಶ್ನೆಗೆ ಮಾರಾಟಗಾರರಿಂದ ಬಂದ ಉತ್ತರ: ‘ನೆಟ್‌ವರ್ಕ್ ಸ್ಥಿರವಾಗಿರುವಂತೆ ನೋಡಿಕೊಳ್ಳಿ’. ಕಡಿಯದ ನೆಟ್‌ವರ್ಕ್ ಇದ್ದಿದ್ದರೆ ಅರ್ಧ ಕಂಪ್ಯೂಟರ್ ಸೈನ್ಸೇ ಬೇಕಿರಲಿಲ್ಲ, ಅಲ್ವಾ?

ಎರಡನೇ ಪ್ರಸಂಗ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದರಲ್ಲಿ ಒಬ್ಬರ ಹೆಸರು ಕೆಟ್ಟಿತು. ತಿಂಗಳ ಕೊನೆಯ ದಿನದ ಲೆಕ್ಕ ತಪ್ಪುತ್ತಿದ್ದ ಒಂದು ಬಗ್ ಇತ್ತು. ಸರಿ ಮಾಡಿದೆವು, ಟೆಸ್ಟ್ ಮಾಡಿದೆವು, ರಿಲೀಸ್ ಆಯಿತು. ಮುಂದಿನ ರಿಲೀಸ್‌ನಲ್ಲಿ ಅದೇ ಬಗ್ ಮತ್ತೆ ಹಾಜರ್. ಫೈಲಿನ ಇತಿಹಾಸ ತೆಗೆದು ನೋಡಿದೆವು. ಒಂದು ರಿವಿಜನ್‌ನಲ್ಲಿ (ದಾಖಲಾದ ಒಂದು ಹಂತದಲ್ಲಿ) ತಿದ್ದುಪಡಿ ಇದೆ. ಸ್ವಲ್ಪ ಮುಂದೆ ಬಂದರೆ ಇಲ್ಲ. ಮಧ್ಯೆ ಯಾರೂ ಅದನ್ನು ಅಳಿಸಿಲ್ಲ, ಅಳಿಸಿದ್ದನ್ನು ತೋರಿಸುವ ಡಿಫ್ (ವ್ಯತ್ಯಾಸದ ಪಟ್ಟಿ) ಎಲ್ಲೂ ಇಲ್ಲ. ಅಲ್ಲಿರುವುದು ಒಂದು ಮರ್ಜ್ (ಎರಡು ಬ್ರಾಂಚ್ ಸೇರಿಸುವ ಕೆಲಸ) ಮಾತ್ರ, ಅದರ ಮೇಲೆ ಒಬ್ಬ ಸಹೋದ್ಯೋಗಿಯ ಹೆಸರು. ಅವರು ಆ ಫೈಲನ್ನು ತೆರೆದೇ ಇರಲಿಲ್ಲ. ಅವರ ಬ್ರಾಂಚ್‌ನಲ್ಲಿ ಹಳೆಯ ಪ್ರತಿ ಇತ್ತು, ಮತ್ತು ಅವರ ಲ್ಯಾಪ್‌ಟಾಪ್‌ನ ಗಡಿಯಾರ ಸ್ವಲ್ಪ ಮುಂದಿತ್ತು. ನಮ್ಮ ಸಾಫ್ಟ್‌ವೇರ್ ಎರಡರಲ್ಲಿ ಯಾವುದು ಹೊಸದು ಎಂದು ತೀರ್ಮಾನಿಸಲು ನೋಡಿದ್ದು ಆ ಗಡಿಯಾರವನ್ನು. ಕಾನ್‌ಫ್ಲಿಕ್ಟ್ (ಎರಡು ಬದಲಾವಣೆಗಳ ತಿಕ್ಕಾಟ) ಎಂದು ಒಂದು ಮಾತೂ ಹೇಳದೆ ಹಳೆಯದನ್ನು ಹೊಸದರ ಮೇಲೆ ಹೊದಿಸಿತು.

ಮರ್ಜ್ ಹೀಗೆ ಆಗಬೇಕಾದ್ದಲ್ಲ. ಎರಡು ಪ್ರತಿಗಳು ಬೇರೆಯಾಗುವ ಮುಂಚೆ ಇದ್ದ ಮೂಲ ಪ್ರತಿಯನ್ನು ಹುಡುಕಬೇಕು. ಮೂಲಕ್ಕೂ ಇದಕ್ಕೂ ಏನು ವ್ಯತ್ಯಾಸ, ಮೂಲಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ನೋಡಬೇಕು. ಒಂದೇ ಕಡೆ ಬದಲಾಗಿದ್ದರೆ ಆ ಬದಲಾವಣೆಯನ್ನು ಇಟ್ಟುಕೊಳ್ಳಬೇಕು. ಒಂದೇ ಜಾಗದಲ್ಲಿ ಎರಡೂ ಕಡೆ ಬೇರೆ ಬೇರೆಯಾಗಿ ಬದಲಾಗಿದ್ದರೆ ಕೈ ಎತ್ತಿ ಮನುಷ್ಯರನ್ನು ಕೇಳಬೇಕು. ಈ ಮೂರು ಕಡೆಯ ಹೋಲಿಕೆಯಲ್ಲಿ ಗಡಿಯಾರಕ್ಕೆ ಕೆಲಸವೇ ಇಲ್ಲ. ನಮ್ಮ ತಿದ್ದುಪಡಿಯ ವಿಷಯದಲ್ಲಿ ಬದಲಾದದ್ದು ಒಂದೇ ಕಡೆ. ಅಂದರೆ ಇದಕ್ಕಿಂತ ಸುಲಭದ ಮರ್ಜ್ ಇನ್ನೊಂದಿಲ್ಲ. ಅದರಲ್ಲೇ ಕೈ ಕೊಟ್ಟಿತು. ಆ ಸಹೋದ್ಯೋಗಿ ಮಾತ್ರ ರಿವ್ಯೂ ಮೀಟಿಂಗ್‌ನಲ್ಲಿ ‘ಯಾಕೆ ಅಳಿಸಿದಿರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರಬೇಕಾಯಿತು. ಇತಿಹಾಸದಲ್ಲಿ ಅವರ ಹೆಸರಿದೆಯಲ್ಲ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಎದುರು ಏನು ಹೇಳಿದರೂ ದಂಡ.

ಹೋದವರು ಬಿಟ್ಟು ಹೋದ ಲಾಕ್‌ಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಂಪನಿ ಬಿಟ್ಟವರ ಹೆಸರಿನಲ್ಲಿ ಇನ್ನೂ ಬೀಗ ಹಾಕಿಕೊಂಡಿರುವ, ಬೇರೆಯವರು ತಿದ್ದಲಾಗದ ಫೈಲ್‌ಗಳ ಪಟ್ಟಿ ನಿಮ್ಮ ಹತ್ತಿರವೇ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ವ್ಯವಸ್ಥೆಯ ಮೇಲೆ ನಂಬಿಕೆ ಹೋದರೆ ಜನ ಗಲಾಟೆ ಮಾಡುವುದಿಲ್ಲ. ಸುಮ್ನೆ ತಮ್ಮ ದಾರಿ ತಾವು ನೋಡಿಕೊಳ್ಳುತ್ತಾರೆ. ನಮ್ಮ ಮಹಡಿಯಲ್ಲಿ ಯಾವುದೇ ಡೆವಲಪರ್‌ನ ಮೆಷಿನ್ ತೆರೆದು ನೋಡಿ. ‘ಪ್ರಾಜೆಕ್ಟ್_ಹಳೇದು’, ‘ಪ್ರಾಜೆಕ್ಟ್_ಓಡ್ತಿರೋದು’, ‘ಪ್ರಾಜೆಕ್ಟ್_ಮುಟ್ಟಬೇಡಿ’ ಎಂಬ ಫೋಲ್ಡರ್‌ಗಳು ಸಿಗುತ್ತವೆ. ದೊಡ್ಡ ಮರ್ಜ್ ಮುಂಚೆ ಎಲ್ಲರೂ ಜಿಪ್ ಮಾಡಿ ಇಟ್ಟುಕೊಳ್ಳುತ್ತಾರೆ. ಕೆಲವರು ಕದ್ದು ಮುಚ್ಚಿ ತಮ್ಮ ಫೋಲ್ಡರ್‌ನೊಳಗೇ ಗಿಟ್ ಎಂಬ ಉಚಿತ ವರ್ಷನ್ ಕಂಟ್ರೋಲ್‌ನ ಒಂದು ರೆಪೊ (ಕೋಡ್ ಮತ್ತು ಅದರ ಇತಿಹಾಸದ ಉಗ್ರಾಣ) ಮಾಡಿಕೊಂಡಿದ್ದಾರೆ. ದಿನವಿಡೀ ಅದರಲ್ಲಿ ಕಮಿಟ್ ಮಾಡಿ, ವಾರಕ್ಕೊಮ್ಮೆ ನಿಮ್ಮ ಅಧಿಕೃತ ವ್ಯವಸ್ಥೆಗೆ ಒಂದು ದೊಡ್ಡ ಗಂಟು ಎಸೆಯುತ್ತಾರೆ. ಮೆಸೇಜ್ ಜಾಗದಲ್ಲಿ ‘ಬದಲಾವಣೆಗಳು’ ಎಂದಷ್ಟೇ ಇರುತ್ತದೆ. ಯಾಕೆ ಬದಲಿಸಿದರು, ಏನು ಯೋಚಿಸಿದ್ದರು, ಯಾವ ಬಗ್‌ಗಾಗಿ, ಇದೆಲ್ಲ ಅವರವರ ಲ್ಯಾಪ್‌ಟಾಪ್‌ನಲ್ಲೇ ಉಳಿಯಿತು. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ದಿನ ಅದೂ ಹೋಯಿತು.

ಇದರ ನಷ್ಟ ಎಷ್ಟು ಎನ್ನುವುದಕ್ಕೆ ಬೈಸೆಕ್ಟ್ ಒಂದನ್ನೇ, ಅಂದರೆ ಇತಿಹಾಸವನ್ನು ಅರ್ಧರ್ಧ ಮಾಡಿ ತಪ್ಪು ಹುಡುಕುವುದನ್ನೇ ನೋಡಿ. ನಿನ್ನೆವರೆಗೆ ಸರಿ ಇದ್ದದ್ದು ಇವತ್ತು ಕೆಟ್ಟಿದೆ, ಮಧ್ಯೆ ಸಾವಿರ ಕಮಿಟ್ ಇವೆ ಅನ್ನಿ. ಇತಿಹಾಸ ನಂಬುವಂತಿದ್ದರೆ ಮಧ್ಯದ ಕಮಿಟ್ ತೆಗೆದು ಟೆಸ್ಟ್ ಮಾಡಿ, ಅರ್ಧ ಬಿಟ್ಟು, ಮತ್ತೆ ಅರ್ಧ ಮಾಡಿ, ಸುಮಾರು 10 ಸಲದಲ್ಲಿ ತಪ್ಪು ತಂದ ಕಮಿಟ್ ಹಿಡಿಯಬಹುದು. ನಮ್ಮಲ್ಲಿ ಅದು ಆಗುವುದಿಲ್ಲ. ಮಧ್ಯದ ಯಾವ ಹಂತ ತೆಗೆದರೂ ಅದು ಅರ್ಧ ಕಮಿಟ್ ಆಗಿರಬಹುದು, ಬಿಲ್ಡೇ ಆಗದಿರಬಹುದು. ಆದ್ದರಿಂದ ಕೋಡ್‌ನಲ್ಲಿ ಪ್ರಿಂಟ್ ಸಾಲು ಹಾಕಿಕೊಂಡು, ಊಹೆ ಮಾಡಿಕೊಂಡು, ಹಳಬರನ್ನು ಕೇಳಿಕೊಂಡು ಹುಡುಕುತ್ತೇವೆ. ಈ ಸಮಯ ಟೈಮ್‌ಶೀಟ್‌ನಲ್ಲಿ ‘ಬಗ್ ಫಿಕ್ಸ್’ ಎಂಬ ಹೆಸರಿನಲ್ಲಿ ಹೋಗುತ್ತದೆ. ವರ್ಷನ್ ಕಂಟ್ರೋಲ್‌ನ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಅದು ಯಾವಾಗಲೂ ಹಸಿರು.

ಪ್ರತಿ ಸಲ ಟಿಕೆಟ್ (ದೂರು) ಹಾಕಿದಾಗ ಬರುವ ಉತ್ತರವೂ ಒಂದೇ: ‘ಬಳಸುವವರ ತಪ್ಪು’. ಇರಬಹುದು, ಒಮ್ಮೊಮ್ಮೆ. ಆದರೆ ಬೇರೆ ಬೇರೆ ಟೀಮಿನ, ಬೇರೆ ಬೇರೆ ಅನುಭವದ ಜನ ಒಂದೇ ತಪ್ಪನ್ನು ಒಂದೇ ರೀತಿಯಲ್ಲಿ ಮಾಡುತ್ತಿದ್ದಾರೆ ಅಂದರೆ ತಪ್ಪು ಜನರಲ್ಲಿ ಇದೆಯೋ, ಸಾಧನದಲ್ಲಿದೆಯೋ? ಟಿಕೆಟ್ ಮುಚ್ಚುವ ಮುಂಚೆ ಸರ್ವರ್ ಲಾಗ್ ಒಮ್ಮೆ ನೋಡಿ. ನಾನು ಸಮಯ, ಫೈಲಿನ ಹೆಸರು ಎಲ್ಲ ಹಾಕಿಯೇ ಕಳಿಸಿದ್ದೆ.

ಈ ರೋಗಕ್ಕೆ ನಾವೇ ಮೊದಲ ರೋಗಿಗಳೂ ಅಲ್ಲ. ಮೈಕ್ರೋಸಾಫ್ಟ್‌ನ ಹಳೆಯ ವರ್ಷನ್ ಕಂಟ್ರೋಲ್ ವಿಷುವಲ್ ಸೋರ್ಸ್‌ಸೇಫ್ ನೆನಪಿದೆಯಾ? ನೆಟ್‌ವರ್ಕ್‌ನಲ್ಲಿ ಒಂದು ಶೇರ್ಡ್ ಫೋಲ್ಡರ್, ಎಲ್ಲರ ಮೆಷಿನ್‌ನಿಂದಲೂ ನೇರವಾಗಿ ಅದರೊಳಗಿನ ಫೈಲ್‌ಗಳಿಗೆ ಬರೆಯುವುದು. ಮಧ್ಯೆ ತಡೆದು ನಿಲ್ಲಿಸಿ ನೋಡುವ ಸರ್ವರ್ ಪ್ರೋಗ್ರಾಂ ಇಲ್ಲ. ಬರೆಯುವಾಗ ಒಬ್ಬರ ಮೆಷಿನ್ ನಿಂತುಹೋದರೆ ಎಲ್ಲರ ಡೇಟಾಬೇಸ್ ಕೆಡುವ ಸಾಧ್ಯತೆ. ಕೆಟ್ಟಿದೆಯಾ ಎಂದು ನೋಡಿ ರಿಪೇರಿ ಮಾಡಲು ಅನಲೈಸ್ ಎಂಬ ಬೇರೆಯದೇ ಪ್ರೋಗ್ರಾಂ ಜೊತೆಗೇ ಬರುತ್ತಿತ್ತು. 2005ರ ಆವೃತ್ತಿಯೇ ಅದರ ಕೊನೆಯದು. ಹಳಬರು ಇವತ್ತೂ ಅದರ ಹೆಸರು ಕೇಳಿದರೆ ನಿಟ್ಟುಸಿರು ಬಿಡುತ್ತಾರೆ.

ಇದಕ್ಕೆ ಎದುರಾಗಿ ಇನ್ನೂ ಹಳೆಯದೊಂದನ್ನು ನೋಡಿ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಶುರು ಮಾಡಿದ ಎಸ್‌ಸಿಸಿಎಸ್, ಈ ಜಾತಿಯ ಸಾಧನಗಳಿಗೆಲ್ಲ ಹಿರಿಯಜ್ಜ. ಯೂನಿಕ್ಸ್‌ನಲ್ಲಿ ಅದರ ಇತಿಹಾಸದ ಫೈಲ್ ತೆರೆದರೆ ಮೊದಲ ಸಾಲಿನಲ್ಲೇ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಎಂದು ತಾಳೆ ನೋಡುವ ಸಂಖ್ಯೆ) ಇರುತ್ತದೆ. ಫೈಲ್ ಕೆಟ್ಟು ಲೆಕ್ಕ ತಾಳೆಯಾಗದಿದ್ದರೆ ಅದು ಕೆಲಸ ಮಾಡಲು ಒಪ್ಪುವುದಿಲ್ಲ. ಆ ಕಾಲದಲ್ಲೇ ‘ನನ್ನ ಹತ್ತಿರ ಇರುವುದು ಸರಿ ಇದೆಯಾ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಬುದ್ಧಿ ಇತ್ತು.

ಗಿಟ್ ಈ ಬುದ್ಧಿಯನ್ನು ತಳಪಾಯದಲ್ಲೇ ಇಟ್ಟಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಬರೆಯುವವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಕಂಪನಿಯ ವರ್ಷನ್ ಕಂಟ್ರೋಲ್ ಬಳಸುತ್ತಿದ್ದರು. 2005ರಲ್ಲಿ ಅದರ ಉಚಿತ ಬಳಕೆ ನಿಂತಾಗ ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಏಪ್ರಿಲ್ ಮೊದಲ ವಾರದಲ್ಲಿ ಗಿಟ್ ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು. ಅದರಲ್ಲಿ ಪ್ರತಿ ಫೈಲಿಗೂ, ಪ್ರತಿ ಕಮಿಟ್‌ಗೂ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಒಂದು ಸಂಕೇತ, ಅದೇ ಹೆಸರು. ಕಮಿಟ್‌ನ ಹ್ಯಾಶ್‌ನಲ್ಲಿ ಹಿಂದಿನ ಕಮಿಟ್‌ನ ಹ್ಯಾಶ್ ಸೇರಿರುತ್ತದೆ. ಎಲ್ಲೋ ಹಿಂದೆ ಒಂದು ಅಕ್ಷರ ಬದಲಾದರೂ ಮುಂದಿನದ್ದು ಯಾವುದೂ ತಾಳೆಯಾಗುವುದಿಲ್ಲ. ಫೈಲ್ ಡಿಸ್ಕ್‌ನಲ್ಲಿ ಕೆಡಬಹುದು. ಆದರೆ ಕೆಟ್ಟದ್ದನ್ನು ಸರಿ ಇದೆ ಎಂದು ದಾಟಿಸುವುದು ಕಷ್ಟ.

ಗಿಟ್ ದೇವರು ಅನ್ನುತ್ತಿಲ್ಲ. ಫೋರ್ಸ್ ಪುಶ್ ಮಾಡಿ (ಸರ್ವರ್‌ನಲ್ಲಿ ಇದ್ದದ್ದರ ಮೇಲೆ ಬಲವಂತವಾಗಿ ಬರೆದು) ಪಕ್ಕದವರ ಕೆಲಸ ಅಳಿಸುವ ಮಹಾನುಭಾವರು ಅಲ್ಲೂ ಇದ್ದಾರೆ. ಅದರ ಕಮಾಂಡ್‌ಗಳ ಹೆಸರು ಯಾರಿಗೆ ಹೊಳೆದವೋ ಅವರಿಗೇ ಗೊತ್ತು. ದೊಡ್ಡ ವಿಡಿಯೊ, ಚಿತ್ರ, ಮಾಡೆಲ್ ಫೈಲ್‌ಗಳಿಗೆ ಅದು ಒಗ್ಗುವುದಿಲ್ಲ, ಅಂಥ ಕಡೆ ಲಾಕ್ ಇರುವ ಕೇಂದ್ರೀಕೃತ ವ್ಯವಸ್ಥೆಯೇ ಮೇಲು. ಆದರೂ ಅಲ್ಲಿ ತಪ್ಪಿದರೆ ದಾರಿ ಇದೆ. ಬ್ರಾಂಚ್ ಅಳಿಸಿ ಹೋದರೂ ರೆಫ್‌ಲಾಗ್ ಎಂಬ ಗಿಟ್‌ನ ದಿನಚರಿಯಲ್ಲಿ ಸಾಮಾನ್ಯವಾಗಿ ಕನಿಷ್ಠ 30 ದಿನ ಅದರ ಜಾಡು ಸಿಗುತ್ತದೆ. ಪ್ರತಿಯೊಬ್ಬರ ಮೆಷಿನ್‌ನಲ್ಲಿ ಪೂರ್ತಿ ಇತಿಹಾಸದ ಪ್ರತಿ ಇರುತ್ತದೆ. ನಮ್ಮಲ್ಲಿ ಸರ್ವರ್ ಹೋದರೆ ದೇವರೇ ಗತಿ.

‘ಬ್ಯಾಕಪ್ ಇದೆಯಲ್ಲ’ ಎಂದು ನೀವು ಹೇಳುತ್ತೀರಿ. ಅದರ ಬಗ್ಗೆಯೇ ನನಗೆ ಜಾಸ್ತಿ ಭಯ. 2013ರ ಮಾರ್ಚ್‌ನಲ್ಲಿ ಕೆಡಿಇ ಎಂಬ ಉಚಿತ ಸಾಫ್ಟ್‌ವೇರ್ ಯೋಜನೆಯವರಿಗೆ ಏನಾಯಿತು ಎಂದು ಓದಿ. ಅವರ ಗಿಟ್ ಸರ್ವರ್‌ನ ಫೈಲ್‌ಸಿಸ್ಟಂ ಕೆಟ್ಟಿತ್ತು. ಮಿರರ್ ಸರ್ವರ್‌ಗಳು ಬೇಕಾದಷ್ಟು ಇದ್ದವು. ಆದರೆ ಮಿರರ್‌ನ ಕೆಲಸ ಮೂಲದಲ್ಲಿ ಇದ್ದದ್ದನ್ನು ಹಾಗೇ ನಕಲು ಮಾಡುವುದು. ಮೂಲ ಕೆಟ್ಟಾಗ ಅವೂ ನಿಷ್ಠೆಯಿಂದ ಕೆಟ್ಟವು, ರೆಪೊಗಳನ್ನೇ ಅಳಿಸಿಕೊಂಡವು. ಸುಮಾರು 1,500 ರೆಪೊಗಳು ಕೈತಪ್ಪುವುದರಲ್ಲಿದ್ದವು. ಇನ್ನೊಂದು ಸರ್ವರ್‌ನಲ್ಲಿ ಒಳ್ಳೆಯ ಪ್ರತಿ ಉಳಿದಿದ್ದರಿಂದ ಬಚಾವಾದರು. ಗಿಟ್ ಬಳಸಿದವರಿಗೇ ಈ ಗತಿ ಬಂದಿತ್ತು ಅಂದಮೇಲೆ ನಮ್ಮ ಪಾಡೇನು? ನೀವು ಹೇಳುವ ಬ್ಯಾಕಪ್ ಕೂಡ ರಾತ್ರಿ ರಾತ್ರಿ ನಕಲು ಆಗುವ ಅಂಥದ್ದೇ ಒಂದು ಫೋಲ್ಡರ್ ಅಲ್ವಾ?

ಗಿಟ್ ರೆಪೊಗಳನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯ ಕಥೆ ಇನ್ನೂ ಪ್ರಸಿದ್ಧ. 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸ್‌ನ ಡೈರೆಕ್ಟರಿಯನ್ನೇ ಅಳಿಸಿದರು. ಕೈ ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ಹುಡುಕಿದರೆ ಅದು ಎಷ್ಟೋ ದಿನದಿಂದ ಆಗುತ್ತಲೇ ಇರಲಿಲ್ಲ. ಬ್ಯಾಕಪ್ ತೆಗೆಯುವ ಪ್ರೋಗ್ರಾಂನ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗೆ ಹೊಂದುತ್ತಿರಲಿಲ್ಲ. ಫೇಲ್ ಆಗ್ತಿದೆ ಎಂದು ಹೋಗುತ್ತಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಇತ್ತು, ಅದರಿಂದ ಎದ್ದು ನಿಂತರು. ಜನರ ಗಿಟ್ ರೆಪೊಗಳಿಗೆ ಏನೂ ಆಗಲಿಲ್ಲ, ಆ ಆರು ಗಂಟೆಯ ಇಶ್ಯೂ, ಕಾಮೆಂಟ್ ಮುಂತಾದವು ಹೋದವು. ನಾನು ಈ ಕಥೆ ಹೇಳುತ್ತಿರುವುದು ಅವರನ್ನು ಆಡಿಕೊಳ್ಳಲು ಅಲ್ಲ. ಅವರು ಆ ರಾತ್ರಿಯ ಟಿಪ್ಪಣಿಗಳನ್ನೇ ಎಲ್ಲರಿಗೂ ತೆರೆದಿಟ್ಟರು, ರಿಪೇರಿ ಕೆಲಸವನ್ನು ನೇರ ಪ್ರಸಾರ ಮಾಡಿದರು, ಆಮೇಲೆ ಏನು ತಪ್ಪಾಯಿತೆಂದು ವಿವರವಾಗಿ ಬರೆದರು. ಅಷ್ಟು ದೊಡ್ಡ ಎಡವಟ್ಟಾದರೂ ನನ್ನಂಥವರಿಗೆ ಅವರ ಮೇಲೆ ಗೌರವ ಕಡಿಮೆಯಾಗಲಿಲ್ಲ. ನಮ್ಮಲ್ಲಿ ಸರ್ವರ್ ಬಿದ್ದರೆ ‘ನಿಗದಿತ ನಿರ್ವಹಣೆ’ ಎಂಬ ಮೇಲ್ ಬರುತ್ತದೆ, ಅದೂ ಬಿದ್ದ ಮೇಲೆ.

ಹಾಗಾದರೆ ಏನು ಮಾಡಬೇಕು ಅಂತೀರಾ? ನಾಳೆಯೇ ಎಲ್ಲವನ್ನೂ ಬದಲಿಸಿ ಎಂದು ಕೇಳುವಷ್ಟು ಹುಡುಗಾಟ ನನಗಿಲ್ಲ. ಇತಿಹಾಸ ಸಮೇತ ಬೇರೆ ವ್ಯವಸ್ಥೆಗೆ ಹೋಗುವುದು ತಿಂಗಳುಗಟ್ಟಲೆ ಕೆಲಸ. ಅರ್ಧ ಕಮಿಟ್‌ಗಳನ್ನು ಜೋಡಿಸಬೇಕು, ಗಡಿಯಾರ ಕೆಟ್ಟ ರಿವಿಜನ್‌ಗಳನ್ನು ಸಾಲಿಗೆ ತರಬೇಕು, ಬಿಲ್ಡ್ ಸ್ಕ್ರಿಪ್ಟ್‌ಗಳನ್ನೆಲ್ಲ ತಿದ್ದಬೇಕು. ಸಿವಿಎಸ್‌ನಿಂದ ಸಬ್‌ವರ್ಷನ್‌ಗೆ, ಅಲ್ಲಿಂದ ಗಿಟ್‌ಗೆ ಹೋದ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳು ಈ ಕಷ್ಟ ಪಟ್ಟಿವೆ, ದಾಟಿವೆ. ನಾವೂ ದಾಟಬಹುದು. ಆದರೆ ಮೊದಲು ಒಂದು ಚಿಕ್ಕ ಟೀಮ್, ಒಂದು ಚಿಕ್ಕ ಪ್ರಾಜೆಕ್ಟ್ ಆರಿಸಿ. ಹಳೆಯದನ್ನು ಓದಲು ಮಾತ್ರ ತೆರೆದಿಟ್ಟು, ಹೊಸದರಲ್ಲಿ ಒಂದು ರಿಲೀಸ್ ಮಾಡಿ ನೋಡೋಣ. ಕೆಲಸಕ್ಕೆ ಜನ ಬೇಕೆಂದರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಅಲ್ಲಿಯವರೆಗೆ ಬ್ಯಾಕಪ್ ಇದೆ ಎಂದು ಬಾಯಿಮಾತಲ್ಲಿ ಹೇಳಬೇಡಿ, ತೋರಿಸಿ. ಖಾಲಿ ಮೆಷಿನ್ ಒಂದಕ್ಕೆ ಬ್ಯಾಕಪ್‌ನಿಂದ ಪೂರ್ತಿ ರೆಪೊ ಇಳಿಸಿ, ಹಿಂದಿನ ರಿಲೀಸ್‌ನ ಕೋಡ್ ತೆಗೆದು ಬಿಲ್ಡ್ ಮಾಡಿ, ನಾವು ಗ್ರಾಹಕರಿಗೆ ಕೊಟ್ಟದ್ದರ ಜೊತೆ ಹೋಲಿಸಿ. ತಿಂಗಳಿಗೊಮ್ಮೆ ಮಾಡಿ. ಇತಿಹಾಸ ಕೆಟ್ಟಿದೆಯಾ ಎಂದು ನೋಡಲು ಸಬ್‌ವರ್ಷನ್‌ಗೆ ವೆರಿಫೈ ಇದೆ, ಗಿಟ್‌ಗೆ ಎಫ್‌ಎಸ್‌ಸಿಕೆ ಇದೆ. ನಮ್ಮ ಸಾಫ್ಟ್‌ವೇರ್‌ಗೂ ಅಂಥ ಕಮಾಂಡ್ ಒಂದಿದೆ, ಮ್ಯಾನ್ಯುಯಲ್‌ನಲ್ಲಿ ನಾನೇ ಓದಿದ್ದೇನೆ. ಅದನ್ನು ಕೊನೆಯ ಸಲ ಓಡಿಸಿದ್ದು ಯಾವಾಗ ಎಂದು ಟಿಕೆಟ್‌ನಲ್ಲಿ ಕೇಳಿದ್ದೆ. ಉತ್ತರ ಬರಲಿಲ್ಲ, ಟಿಕೆಟ್ ಮುಚ್ಚಿತು.

ಮತ್ತೆ, ಅರ್ಧ ಕಮಿಟ್ ಆದಾಗ, ಮರ್ಜ್‌ನಲ್ಲಿ ಕೋಡ್ ಕಳೆದಾಗ, ಎಲ್ಲರಿಗೂ ಕಾಣುವ ಒಂದು ಪುಟದಲ್ಲಿ ಬರೆಯಿರಿ. ಯಾವ ದಿನ, ಯಾವ ಫೈಲ್, ಸಿಕ್ಕಿತೋ ಇಲ್ಲವೋ, ಅಷ್ಟು ಸಾಕು. ಜನರ ಹೆಸರು ಬೇಡ. ಮರ್ಜ್‌ನಲ್ಲಿ ಹೆಸರು ಇದೆ ಎಂಬ ಒಂದೇ ಕಾರಣಕ್ಕೆ ಮೀಟಿಂಗ್‌ನಲ್ಲಿ ಯಾರನ್ನೂ ನಿಲ್ಲಿಸಿ ಕೇಳಬೇಡಿ. ಆ ಸಹೋದ್ಯೋಗಿಗೆ ಆ ದಿನ ಕೇಳಿದ ಪ್ರಶ್ನೆ ಮೀಟಿಂಗ್‌ನ ನಡಾವಳಿಯಲ್ಲಿ ಇವತ್ತೂ ಹಾಗೇ ಇದೆ. ಲಾಗ್‌ನಲ್ಲಿ ಸಿಕ್ಕ ಉತ್ತರವನ್ನೂ ಅದರ ಕೆಳಗೆ ಸೇರಿಸಿ.

ಮುಚ್ಚಿದ ಟಿಕೆಟ್‌ಗಳ ಪಟ್ಟಿಯನ್ನು ನಿಮಗೆ ಬೇರೆಯಾಗಿ ಮೇಲ್ ಮಾಡಿದ್ದೇನೆ. ಆ ಪರಿಶೀಲನೆಯ ಕಮಾಂಡ್ ಓಡಿಸಲು ಯಾವ ಬಜೆಟ್ಟೂ ಬೇಡ, ಯಾರ ಸಹಿಯೂ ಬೇಡ. ಈ ಶನಿವಾರ ರಾತ್ರಿ ಓಡಿಸಿ. ಸೋಮವಾರ ಬೆಳಗ್ಗೆ ಅದು ಏನು ಹೇಳಿತೋ ಅದನ್ನು ಕತ್ತರಿಸದೆ, ತಿದ್ದದೆ ಎಲ್ಲರಿಗೂ ಕಳಿಸಿ.

ಇತಿ,
ನಿಮ್ಮ ವ್ಯವಸ್ಥೆಯಲ್ಲಿ ದಿನವೂ ಕಮಿಟ್ ಮಾಡುವ ಒಬ್ಬ ಡೆವಲಪರ್